ಕಟ್ಟುವುದನ್ನೂ ನಿಲ್ಲಿಸುವುದನ್ನೂ ಬಲ್ಲ ಕೋಶ

ಎಣ್ಣೆ ಹಚ್ಚಲು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡ ಅಜ್ಜಿಯ ಕೈ ನೆತ್ತಿಗೆ ಬಂದಾಗ ತಾನಾಗಿ ಹಗುರಾಗುತ್ತದೆ. ಅಲ್ಲಿ ಇನ್ನೂ ಮೂಳೆಯಿಲ್ಲ. ಚರ್ಮದ ಕೆಳಗೊಂದು ಗಟ್ಟಿ ಪೊರೆ, ಬೆರಳಿಟ್ಟರೆ ಸಿಗುವ ಸಣ್ಣ ಮಿಡಿತ, ಅಷ್ಟೆ. ಮಗುವಿಗೆ ಒಂದೂವರೆ ವರ್ಷವಾಗುವ ಹೊತ್ತಿಗೆ ಆ ಮೆತ್ತನೆಯ ಜಾಗ ಸಾಮಾನ್ಯವಾಗಿ ಮುಚ್ಚಿಹೋಗಿರುತ್ತದೆ. ತಲೆಬುರುಡೆಯ ಅಂಚುಗಳಲ್ಲಿ ಸಾಲಾಗಿ ನಿಂತು ದಿನಕ್ಕೊಂದಿಷ್ಟು ಮೂಳೆ ಹಾಕುತ್ತ ಬಂದ ಜೀವಕೋಶಗಳು ಮುಚ್ಚಿದ ಜಾಗ ಅದು. ಅವುಗಳ ಹೆಸರು ಆಸ್ಟಿಯೋಬ್ಲಾಸ್ಟ್. ನಮ್ಮ 206 ಮೂಳೆಗಳಲ್ಲಿ ಒಂದೊಂದೂ ಅವುಗಳದೇ ಕೆಲಸ.

ಈ ಕೋಶದ ಕಸುಬನ್ನು ಹತ್ತಿರದಿಂದ ನೋಡಿದಷ್ಟೂ ಅದರ ಮೇಲಿನ ಗೌರವ ಹೆಚ್ಚುತ್ತದೆ. ಅದು ಕಟ್ಟುವ ವಸ್ತು ಅದ್ಭುತವಾದದ್ದು, ನಿಜ. ನನ್ನನ್ನು ಹೆಚ್ಚು ಸೆಳೆಯುವುದು ಅದರ ಸಂಯಮ. ಕಟ್ಟಲು ಕೂರುವ ಮೊದಲು ಅದು ವಿಭಜನೆಯಾಗುವುದನ್ನು ಬಿಟ್ಟುಬಿಡುತ್ತದೆ. ಕಟ್ಟಿ ಮುಗಿಸಿದ ಮೇಲೆ ಜಾಗ ಖಾಲಿ ಮಾಡುತ್ತದೆ. ಮಕ್ಕಳ ಮೂಳೆಗೆ ಬರುವ ಆಸ್ಟಿಯೋಸಾರ್ಕೋಮಾ ಎಂಬ ಕ್ಯಾನ್ಸರ್ ಈ ಸಂಯಮ ಮುರಿದಾಗಿನ ಕಥೆ. ಹಾಗಾಗಿ ರೋಗದ ಮಾತಿಗೆ ಮೊದಲು ಕಸುಬಿನ ಮಾತು.

ಆಸ್ಟಿಯೋಬ್ಲಾಸ್ಟ್ ಆಸ್ಟಿಯೋಬ್ಲಾಸ್ಟ್ ಆಗಿಯೇ ಹುಟ್ಟುವುದಿಲ್ಲ. ಮಜ್ಜೆಯಲ್ಲೂ ಮೂಳೆಯ ಹೊರಪೊರೆಯಲ್ಲೂ ಇರುವ ಒಂದು ಬಗೆಯ ಮೂಲಕೋಶಗಳಿಗೆ ಹಲವು ದಾರಿಗಳು ತೆರೆದಿರುತ್ತವೆ. ಅದೇ ಕೋಶ ಕೊಬ್ಬಿನ ಕೋಶವಾಗಬಹುದು, ಮೃದ್ವಸ್ಥಿಯ ಕೋಶವಾಗಬಹುದು, ಮೂಳೆ ಕಟ್ಟುವ ಕೋಶವೂ ಆಗಬಹುದು. ಮೂಳೆಯ ದಾರಿ ಹಿಡಿಸುವ ಮುಖ್ಯ ಜೀನ್ ಯಾವುದೆಂದು ಗೊತ್ತಾದದ್ದು 1997ರಲ್ಲಿ. ಇಂದು ರಂಕ್ಸ್-2 ಎಂದು ಕರೆಯುವ ಈ ಜೀನನ್ನು ಜಪಾನಿನ ತೊಶಿಹಿಸಾ ಕೊಮೋರಿ ಮತ್ತು ಸಂಗಡಿಗರು ಇಲಿಗಳಲ್ಲಿ ತೆಗೆದುಹಾಕಿದರು. ಹುಟ್ಟಿದ ಮರಿಗಳಿಗೆ ಅಸ್ಥಿಪಂಜರವಿತ್ತು, ಆದರೆ ಎಲ್ಲವೂ ಮೃದ್ವಸ್ಥಿ, ಹುಡುಕಿದರೂ ಮೂಳೆಯಿಲ್ಲ. ಪಕ್ಕೆಲುಬುಗಳಿಗೆ ಗಟ್ಟಿತನವಿಲ್ಲದೆ ಉಸಿರಾಡಲಾರದೆ ಅವು ಹುಟ್ಟಿದ ಕೂಡಲೇ ಸತ್ತವು. ಒಂದೇ ಒಂದು ಜೀನ್ ಇಲ್ಲದಿದ್ದುದಕ್ಕೆ ದೇಹದ ಒಂದಿಡೀ ಅಂಗಾಂಶ ಕಾಣೆಯಾಗಿತ್ತು.

ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುವ ಮನುಷ್ಯರು ನಮ್ಮ ನಡುವೆ ಇದ್ದಾರೆ. ಅವರ ಕೊರಳೆಲುಬು ಅರೆಬರೆ ಬೆಳೆದಿರುತ್ತದೆ, ಇಲ್ಲವೇ ಇರುವುದೇ ಇಲ್ಲ. ಕೆಲವರು ಎರಡೂ ಭುಜಗಳನ್ನು ಎದೆಯ ಮುಂದೆ ತಂದು ಒಂದಕ್ಕೊಂದು ತಾಗಿಸಬಲ್ಲರು. ನೆತ್ತಿ ವರ್ಷಗಟ್ಟಲೆ ಮುಚ್ಚುವುದಿಲ್ಲ. ವೈದ್ಯರು ಬಹುಕಾಲದಿಂದ ಕಂಡಿದ್ದ ಈ ಸ್ಥಿತಿಯ ಕಾರಣ ಗೊತ್ತಾದದ್ದೂ ಅದೇ 1997ರಲ್ಲಿ. 2002ರಲ್ಲಿ ಹ್ಯೂಸ್ಟನ್ನಿನ ಪ್ರಯೋಗಾಲಯವೊಂದು ಆಸ್ಟೆರಿಕ್ಸ್ ಎಂಬ ಎರಡನೆಯ ಜೀನನ್ನು ಗುರುತಿಸಿತು. ಅದಿಲ್ಲದ ಇಲಿಗಳಲ್ಲೂ ಮೂಳೆಯಿಲ್ಲ. ಆದರೆ ಅವುಗಳ ಕೋಶಗಳಲ್ಲಿ ರಂಕ್ಸ್-2 ಇತ್ತು. ಅಂದರೆ ರಂಕ್ಸ್-2 ಮೊದಲ ಮೆಟ್ಟಿಲು, ಆಸ್ಟೆರಿಕ್ಸ್ ಅದರ ಮೇಲಿನದು.

ಮುಂದೆ ಬೇಕಾಗುವ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ದಾರಿಗೆ ಹಚ್ಚಿದ ರಂಕ್ಸ್-2 ಕೋಶ ಪಳಗುತ್ತ ಬಂದಂತೆ ತಗ್ಗಬೇಕು. ಆಸ್ಟಿಯೋಬ್ಲಾಸ್ಟ್‌ಗಳಲ್ಲಿ ಅದು ಸದಾ ಹೆಚ್ಚಾಗಿರುವಂತೆ ಮಾಡಿದ ಇಲಿಗಳಿಗೆ ಗಟ್ಟಿ ಮೂಳೆ ಬಂದೀತೆಂದು ಯಾರಾದರೂ ಊಹಿಸುತ್ತಾರೆ. ಬಂದದ್ದು ಸುಲಭವಾಗಿ ಮುರಿಯುವ ಮೂಳೆ. ಅವುಗಳ ಕೋಶಗಳು ಕಲಿಕೆಯ ಹಂತದಲ್ಲೇ ಉಳಿದುಹೋಗಿದ್ದವು.

ಮೂಲಕೋಶಕ್ಕೆ ಮೂಳೆಯ ದಾರಿ ಹಿಡಿ ಎಂದು ಹೊರಗಿನಿಂದ ಹೇಳುವವರು ಯಾರು? ಇಡೀ ಕ್ಷೇತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಯೋಗ ಈ ಪ್ರಶ್ನೆಯದು. ಲಾಸ್ ಏಂಜಲೀಸ್‌ನ ಮೂಳೆ ಶಸ್ತ್ರವೈದ್ಯ ಮಾರ್ಷಲ್ ಯೂರಿಸ್ಟ್ ಮೂಳೆಯ ತುಂಡನ್ನು ಆಮ್ಲದಲ್ಲಿ ನೆನೆಹಾಕಿ ಅದರ ಖನಿಜವನ್ನೆಲ್ಲ ಕರಗಿಸಿದರು. ಉಳಿದದ್ದು ಬಾಗುವ, ಜೀವವಿಲ್ಲದ ಪ್ರೋಟೀನ್ ಚೂರು. ಅದನ್ನು ಪ್ರಾಣಿಯ ಸ್ನಾಯುವಿನೊಳಗೆ, ಎಂದೂ ಮೂಳೆ ಬೆಳೆಯದ ಜಾಗದಲ್ಲಿ, ಹುದುಗಿಸಿದರು. ಕೆಲವು ವಾರಗಳಲ್ಲಿ ಸ್ನಾಯುವಿನ ನಡುವೆ ಹೊಸ ಮೂಳೆ ಎದ್ದಿತು, ಮಜ್ಜೆಯ ಸಮೇತ. 1965ರಲ್ಲಿ ಪ್ರಕಟವಾದ ಈ ಕೆಲಸ ಹೇಳಿದ್ದಿಷ್ಟು: ಸತ್ತ ಮೂಳೆಯಲ್ಲೂ ಮೂಳೆ ಕಟ್ಟುವ ಅಪ್ಪಣೆ ಬಚ್ಚಿಟ್ಟಿದೆ. ಹಿಂದೆ ಕಟ್ಟಿದ ಕೋಶಗಳು ಮುಂದೆ ಬರುವವರಿಗಾಗಿ ಅದನ್ನು ಇಟ್ಟುಹೋಗಿವೆ.

ಆ ಅಪ್ಪಣೆಯನ್ನು ಹೊರತೆಗೆಯುವುದು ಸುಲಭವಿರಲಿಲ್ಲ. ಅದು ಕಾಲಜನ್‌ಗೆ ಕಚ್ಚಿಕೊಂಡಿತ್ತು. ಭಾರತದಿಂದ ಹೋಗಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಎ. ಹರಿ ರೆಡ್ಡಿ ಮತ್ತು ಕುಬೇರ್ ಸಂಪತ್ 1981ರಲ್ಲಿ ಒಂದು ಜಾಣ ದಾರಿ ತೋರಿಸಿದರು. ತೀಕ್ಷ್ಣವಾದ ಗ್ವಾನಿಡಿನ್ ದ್ರಾವಣದಲ್ಲಿ ಮೂಳೆಚೂರನ್ನು ನೆನೆಸಿ, ಕರಗಿದ್ದನ್ನೂ ಕರಗದೆ ಉಳಿದದ್ದನ್ನೂ ಬೇರೆ ಮಾಡಿದರು. ಬೇರೆಬೇರೆಯಾಗಿ ಇಟ್ಟಾಗ ಎರಡರಿಂದಲೂ ಮೂಳೆ ಹುಟ್ಟಲಿಲ್ಲ. ಮತ್ತೆ ಕೂಡಿಸಿದಾಗ ಹುಟ್ಟಿತು. ಹೀಗೆ ಒಂದು ಅಳೆಯುವ ವಿಧಾನ ಕೈಗೆ ಸಿಕ್ಕಿ, 1988ರ ಹೊತ್ತಿಗೆ ಬಿಎಂಪಿ ಎಂಬ ಪ್ರೋಟೀನ್‌ಗಳ ಜೀನುಗಳು ಹೊರಬಂದವು. ಕೂಡದ ಮೂಳೆಯನ್ನು ಕೂಡಿಸಲು ಶಸ್ತ್ರವೈದ್ಯರು ಅವುಗಳಲ್ಲಿ ಕೆಲವನ್ನು ಇಂದು ಬಳಸುತ್ತಾರೆ.

ಇನ್ನು ಕಟ್ಟುವ ಕೆಲಸ. ಆಸ್ಟಿಯೋಬ್ಲಾಸ್ಟ್ ಮೊದಲು ಹಾಕುವುದು ಕಾಲಜನ್. ಈ ಪ್ರೋಟೀನಿನ ರಚನೆಯನ್ನು ಬಿಡಿಸಿದವರು ಮದ್ರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ, 1954-55ರಲ್ಲಿ, ಕಾಂಗರೂ ಬಾಲದ ಸ್ನಾಯುರಜ್ಜುವಿನ ಎಕ್ಸ್‌ರೇ ಚಿತ್ರಗಳನ್ನು ಮುಂದಿಟ್ಟುಕೊಂಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್ 1970ರ ದಶಕದ ಆರಂಭದಲ್ಲಿ ಅದೇ ಸಂಸ್ಥೆಗೆ ಮರಳಿ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದರು. ಅವರು ಕಂಡ ರಚನೆ ಹೀಗಿದೆ: ಮೂರು ಎಳೆಗಳು, ಪ್ರತಿಯೊಂದೂ ಎಡಕ್ಕೆ ತಿರುಚಿದ್ದು, ಮೂರೂ ಸೇರಿ ಬಲಕ್ಕೆ ಹೆಣೆದುಕೊಂಡದ್ದು. ತೆಂಗಿನ ನಾರಿನ ಹಗ್ಗ ಹೊಸೆಯುವವರು ಮಾಡುವುದೂ ಇದನ್ನೇ. ಹುರಿಯ ತಿರುವು ಒಂದು ಕಡೆಗೆ, ಹಗ್ಗದ ತಿರುವು ಇನ್ನೊಂದು ಕಡೆಗೆ. ಜಗ್ಗಿದಾಗ ಎರಡೂ ಒಂದನ್ನೊಂದು ಬಿಚ್ಚಗೊಡುವುದಿಲ್ಲ.

ಮೂರು ಎಳೆಗಳು ಅಷ್ಟು ಬಿಗಿಯಾಗಿ ಕೂರಬೇಕಾದರೆ ನಡುವಿನ ಇಕ್ಕಟ್ಟಿನಲ್ಲಿ ಅತ್ಯಂತ ಚಿಕ್ಕ ಅಮೈನೋ ಆಮ್ಲಕ್ಕೆ ಮಾತ್ರ ಜಾಗ. ಅದು ಗ್ಲೈಸಿನ್. ಸಾವಿರಕ್ಕೂ ಹೆಚ್ಚು ಕೊಂಡಿಗಳಿರುವ ಎಳೆಯಲ್ಲಿ ಪ್ರತಿ ಮೂರನೆಯದು ತಪ್ಪದೆ ಗ್ಲೈಸಿನ್. ಎಲ್ಲೋ ಒಂದು ಕಡೆ, ಒಂದೇ ಒಂದು ಗ್ಲೈಸಿನ್ ಬದಲಿಗೆ ಬೇರೊಂದು ಬಂದು ಕೂತರೂ ಎಳೆಗಳು ಅಲ್ಲಿ ಸಡಿಲಗೊಳ್ಳುತ್ತವೆ. ಎತ್ತಿಕೊಂಡರೂ ಮೂಳೆ ಮುರಿಯುವ ಮಕ್ಕಳಲ್ಲಿ ಅನೇಕರ ಕಷ್ಟಕ್ಕೆ ಇಂಥದೊಂದು ಅದಲುಬದಲು ಕಾರಣ. ಎಳೆಗಳನ್ನು ಬಿಗಿಯಾಗಿ ಹಿಡಿದಿಡುವ ಇನ್ನೊಂದು ರಾಸಾಯನಿಕ ಹೆಜ್ಜೆಗೆ ವಿಟಮಿನ್ ಸಿ ಬೇಕೇಬೇಕು. ತಿಂಗಳುಗಟ್ಟಲೆ ಹಸಿ ತರಕಾರಿ, ಹಣ್ಣು ಕಾಣದ ಹಡಗಿನ ನಾವಿಕರ ಒಸಡು ರಕ್ತ ಸುರಿಸಿದ್ದಕ್ಕೂ ಹಳೆಯ ಗಾಯಗಳು ಬಿಚ್ಚಿಕೊಂಡದ್ದಕ್ಕೂ ಕಾರಣ ಇದೇ ಹೆಜ್ಜೆ ತಪ್ಪಿದ್ದು.

ಕೋಶದಿಂದ ಹೊರಬಂದ ಕಾಲಜನ್ ಎಳೆಗಳು ಒಂದರ ಪಕ್ಕ ಒಂದು, ಸ್ವಲ್ಪ ಸ್ವಲ್ಪ ಸರಿದು ಜೋಡಿಕೊಳ್ಳುತ್ತವೆ. ಹೀಗೆ ಸರಿದು ಕೂತಾಗ ತುದಿಗಳ ನಡುವೆ ಸುಮಾರು 40 ನ್ಯಾನೋಮೀಟರಿನ ಖಾಲಿ ಜಾಗಗಳು ಉಳಿಯುತ್ತವೆ. ಕ್ಯಾಲ್ಸಿಯಂ ಫಾಸ್ಫೇಟಿನ ಹರಳುಗಳು ಮೊದಲು ಕೂರುವುದು ಅಲ್ಲಿ. ಆದರೆ ಕೋಶ ಅವಸರ ಪಡುವುದಿಲ್ಲ. ಖನಿಜವಿಲ್ಲದ ಹಸಿ ಹಾಸನ್ನು ಆಸ್ಟಿಯಾಯ್ಡ್ ಎನ್ನುತ್ತಾರೆ. ಹಾಕಿದ ಮೇಲೆ ಅದು ಹತ್ತು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು, ಹಾಗೆಯೇ ಹದಗೊಳ್ಳುತ್ತದೆ. ಆಮೇಲಷ್ಟೇ ಹರಳುಗಟ್ಟುವ ಸರದಿ. ದೇಹದ ದ್ರವಗಳಲ್ಲಿ ಪೈರೋಫಾಸ್ಫೇಟ್ ಎಂಬ ಚಿಕ್ಕ ಅಣುವಿದೆ, ಹರಳು ಕಟ್ಟುವುದನ್ನು ಅದು ಎಲ್ಲೆಡೆಯೂ ತಡೆಯುತ್ತದೆ. ಅದಿಲ್ಲದಿದ್ದರೆ ರಕ್ತನಾಳಗಳೂ ಕಲ್ಲಾಗುತ್ತಿದ್ದವು. ಆಸ್ಟಿಯೋಬ್ಲಾಸ್ಟ್ ತನ್ನ ಮೈಮೇಲೆ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಹೊತ್ತಿರುತ್ತದೆ. ಆ ಕಿಣ್ವ ಪೈರೋಫಾಸ್ಫೇಟನ್ನು ಒಡೆದು, ಎಲ್ಲಿ ಮೂಳೆ ಬೇಕೋ ಅಲ್ಲಿ ಮಾತ್ರ ತಡೆಯನ್ನು ತೆರವು ಮಾಡುತ್ತದೆ. ಮೂಳೆಯಲ್ಲಿ ಇಂಥ ಕಿಣ್ವವಿದೆಯೆಂದು ಲಂಡನ್ನಿನ ರಾಬರ್ಟ್ ರಾಬಿಸನ್ ಗುರುತಿಸಿದ್ದು 1923ರಲ್ಲಿ. ಇಂದು ಲ್ಯಾಬಿನಿಂದ ಬರುವ ರಕ್ತಪರೀಕ್ಷೆಯ ವರದಿಯಲ್ಲಿ ಎಎಲ್‌ಪಿ ಎಂದು ಕಾಣುವುದು ಇದೇ. ಯಕೃತ್ತಿನಿಂದಲೂ ಅದು ಬರುತ್ತದೆ. ಬೆಳೆಯುವ ಮಕ್ಕಳಲ್ಲಿ ಮೂಳೆಯ ಪಾಲು ಹೆಚ್ಚಿರುವುದರಿಂದ ಅವರ ಅಂಕೆ ದೊಡ್ಡವರಿಗಿಂತ ಮೇಲಿರುತ್ತದೆ.

ಈ ಕೆಲಸದ ವೇಗವನ್ನು ಅಳೆಯಬಹುದು. ಟೆಟ್ರಾಸೈಕ್ಲಿನ್ ಎಂಬ ಹಳೆಯ ಆಂಟಿಬಯಾಟಿಕ್ ಆಗಷ್ಟೇ ಹರಳುಗಟ್ಟುತ್ತಿರುವ ಅಂಚಿಗೆ ಅಂಟಿಕೊಳ್ಳುತ್ತದೆ. ಕೆಲವು ದಿನಗಳ ಅಂತರದಲ್ಲಿ ಎರಡು ಸಲ ಮಾತ್ರೆ ಕೊಟ್ಟು, ಸೊಂಟದ ಮೂಳೆಯ ಚೂರೊಂದನ್ನು ತೆಗೆದು ಅತಿನೇರಳೆ ಬೆಳಕಿನಲ್ಲಿ ನೋಡಿದರೆ ಎರಡು ಹೊಳೆಯುವ ಗೆರೆಗಳು ಕಾಣುತ್ತವೆ. ಅವುಗಳ ನಡುವಿನ ದೂರವನ್ನು ದಿನಗಳಿಂದ ಭಾಗಿಸಿದರೆ ಬರುವುದು ದಿನಕ್ಕೆ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಆಸ್ಟಿಯೋಕ್ಲಾಸ್ಟ್ ಎಂಬ ಇನ್ನೊಂದು ಬಗೆಯ ಕೋಶ ಎರಡು ಮೂರು ವಾರಗಳಲ್ಲಿ ಅಗೆದ ಹಳೆಯ ಮೂಳೆಯ ಗುಳಿಯನ್ನು ತುಂಬಲು ಆಸ್ಟಿಯೋಬ್ಲಾಸ್ಟ್‌ಗಳಿಗೆ ಮೂರು ನಾಲ್ಕು ತಿಂಗಳು ಬೇಕು.

ಗುಳಿ ತುಂಬಿದ ಮೇಲೆ? ಕಟ್ಟಿದವುಗಳಲ್ಲಿ ಬಹುಪಾಲು ಕೋಶಗಳು ತಮ್ಮೊಳಗಿನ ಕ್ರಮಬದ್ಧ ಸಾವಿನ ವಿಧಾನದಿಂದ ಕೊನೆಗೊಳ್ಳುತ್ತವೆ. ಕೆಲವು ಚಪ್ಪಟೆಯಾಗಿ ಮೂಳೆಯ ಮೇಲ್ಮೈಯನ್ನು ಹೊದ್ದು ಮಲಗುತ್ತವೆ. ಉಳಿದವು ತಾವೇ ಹಾಕಿದ ಹಾಸಿನೊಳಗೆ ಹುದುಗಿ, ಹತ್ತಾರು ಸೂಕ್ಷ್ಮ ನಾಳಗಳಲ್ಲಿ ಕೈಚಾಚಿ, ಆಸ್ಟಿಯೋಸೈಟ್‌ಗಳಾಗಿ ದಶಕಗಟ್ಟಲೆ ಬದುಕುತ್ತವೆ. ಮೂಳೆಯ ಮೇಲೆ ಭಾರ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂಬುದನ್ನು ಗ್ರಹಿಸುವುದು ಇವೇ. ಇಲ್ಲಿ ಇಷ್ಟು ಸಾಕು ಎನ್ನಲು ಅವು ಸ್ಕ್ಲಿರೋಸ್ಟಿನ್ ಎಂಬ ಪ್ರೋಟೀನನ್ನು ಬಿಡುತ್ತವೆ. ದಕ್ಷಿಣ ಆಫ್ರಿಕಾದ ಕೆಲವು ಕುಟುಂಬಗಳಲ್ಲಿ ಈ ಪ್ರೋಟೀನ್ ಹುಟ್ಟಿನಿಂದಲೇ ಇಲ್ಲ. ಅವರ ಮೂಳೆ ಬೆಳೆಯುತ್ತಲೇ ಹೋಗಿ ತಲೆಬುರುಡೆಯೊಳಗಿನ ನರಗಳನ್ನು ಅದುಮುತ್ತದೆ. ಸ್ಕ್ಲಿರೋಸ್ಟಿನ್ನನ್ನು ತಡೆಯುವ ಔಷಧವನ್ನು ಮೂಳೆ ಸವೆತದ ರೋಗಿಗಳಿಗೆ 2019ರಿಂದ ಅಮೆರಿಕದಲ್ಲಿ ಕೊಡುತ್ತಿದ್ದಾರೆ. ಆ ಕುಟುಂಬಗಳ ಸಂಕಟವನ್ನು ಅಭ್ಯಾಸ ಮಾಡದೆ ಅದು ಹುಟ್ಟುತ್ತಿರಲಿಲ್ಲ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಆಸ್ಟಿಯೋಸಾರ್ಕೋಮಾದ ಕಡೆ ತಿರುಗೋಣ. ಗೆಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟ ಪೆಥಾಲಜಿಸ್ಟ್ ಮುಖ್ಯವಾಗಿ ಹುಡುಕುವುದು ಒಂದನ್ನು: ಕ್ಯಾನ್ಸರ್ ಕೋಶಗಳು ತಾವೇ ಹಾಕಿದ ಆಸ್ಟಿಯಾಯ್ಡ್. ಅದು ಜಾಲರಿಯಂತೆ ಅಸ್ತವ್ಯಸ್ತವಾಗಿ, ಒಂದೊಂದು ಕೋಶವನ್ನೂ ಸುತ್ತಿಕೊಂಡಿರುತ್ತದೆ. ಅದು ಕಂಡರೆ ರೋಗ ಇದೇ. ರೋಗದ ಗುರುತೇ ಕಸುಬಿನ ಗುರುತು. ಈ ಕೋಶ ಮೂಳೆ ಕಟ್ಟುವುದನ್ನು ಮರೆತಿಲ್ಲ. ವಿಭಜನೆ ನಿಲ್ಲಿಸುವುದನ್ನೂ ಸರಿದು ಹೋಗುವುದನ್ನೂ ಮಾತ್ರ ಅದು ಕಲಿಯಲಿಲ್ಲ. ರಂಕ್ಸ್-2 ಈ ಗೆಡ್ಡೆಗಳಲ್ಲಿ ಅನೇಕ ಸಲ ತಗ್ಗದೆ ಎತ್ತರದಲ್ಲೇ ಇರುತ್ತದೆ.

ರೋಗ ಬರುವ ವಯಸ್ಸೂ ಜಾಗವೂ ಇದನ್ನೇ ಹೇಳುತ್ತವೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಮೂರು ನಾಲ್ಕು ಮಂದಿಗೆ ಬರುವ ಅಪರೂಪದ ಕ್ಯಾನ್ಸರ್ ಇದು. ಹೆಚ್ಚಾಗಿ ಬರುವುದು ಮಕ್ಕಳು ದಿಢೀರನೆ ಉದ್ದವಾಗುವ ಹರೆಯದಲ್ಲಿ. ಹೆಚ್ಚಾಗಿ ಹುಟ್ಟುವುದು ತೊಡೆಮೂಳೆಯ ಕೆಳತುದಿಯಲ್ಲಿ ಅಥವಾ ಮೊಣಕಾಲ ಕೆಳಗಿನ ಮೂಳೆಯ ಮೇಲ್ತುದಿಯಲ್ಲಿ. ದೇಹ ಅತ್ಯಂತ ವೇಗವಾಗಿ ಬೆಳೆಯುವುದು ಅಲ್ಲಿಯೇ. ನಾಯಿಗಳಲ್ಲೂ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ಗಳಂಥ ದೊಡ್ಡ ತಳಿಗಳಿಗೇ ಇದರ ಕಾಟ ಹೆಚ್ಚು. ಕೆನಡಾದ ಆಲ್ಬರ್ಟಾದಲ್ಲಿ 1989ರಲ್ಲಿ ಸಿಕ್ಕ, ಸುಮಾರು 7.6 ಕೋಟಿ ವರ್ಷ ಹಳೆಯ ಡೈನೋಸಾರಿನ ಕಾಲ್ಮೂಳೆಯೊಂದನ್ನು ಮುರಿದು ಕೂಡಿದ್ದೆಂದು ಬಹುಕಾಲ ಎಣಿಸಿದ್ದರು. 2020ರಲ್ಲಿ ಅದು ಆಸ್ಟಿಯೋಸಾರ್ಕೋಮಾ ಎಂದು ತೀರ್ಮಾನವಾಯಿತು. ಆಧುನಿಕ ಜೀವನಶೈಲಿಯಿಂದ ಬಂದ ರೋಗವಲ್ಲ ಇದು. ಮಗುವಿಗೆ ಏನು ತಿನ್ನಿಸಿದೆವೋ ಎಂದು ತಮ್ಮನ್ನೇ ದೂಷಿಸಿಕೊಳ್ಳುವ ತಂದೆತಾಯಿಗಳಿಗೆ ಇದನ್ನು ಸ್ಪಷ್ಟವಾಗಿ ಹೇಳಬೇಕು.

ನಿಲ್ಲಿಸುವ ಪಾಠ ಕೋಶದಲ್ಲಿ ಎಲ್ಲಿದೆ ಎಂಬುದು ತಿಳಿದದ್ದು ಬೇರೊಂದು ರೋಗದಿಂದ. ಕಣ್ಣಿನ ಒಳಪದರದಲ್ಲಿ ರೆಟಿನೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಎಳೆಯ ಮಕ್ಕಳಿಗೆ ಬರುತ್ತದೆ. ಅದರ ಆನುವಂಶಿಕ ರೂಪದಿಂದ ಗುಣವಾಗಿ ಬೆಳೆದ ಮಕ್ಕಳಿಗೆ ಹರೆಯದಲ್ಲಿ ಮೂಳೆ ಕ್ಯಾನ್ಸರ್ ಬರುವುದು ಉಳಿದವರಿಗಿಂತ ನೂರಾರು ಪಟ್ಟು ಹೆಚ್ಚೆಂದು ವೈದ್ಯರು ಕಂಡರು. ಜೀನಿನ ಎರಡೂ ಪ್ರತಿಗಳು ಕೆಟ್ಟಾಗಲೇ ಕ್ಯಾನ್ಸರ್ ಹುಟ್ಟುತ್ತದೆ ಎಂಬ ತರ್ಕವನ್ನು ಆಲ್ಫ್ರೆಡ್ ನಡ್ಸನ್ 1971ರಲ್ಲಿ ಈ ಕಣ್ಣಿನ ರೋಗದ ಲೆಕ್ಕಾಚಾರದಿಂದಲೇ ಮುಂದಿಟ್ಟಿದ್ದರು. 1986ರಲ್ಲಿ ಜೀನ್ ಕೈಗೆ ಸಿಕ್ಕಾಗ ಆ ಪ್ರಬಂಧದ ಶೀರ್ಷಿಕೆಯಲ್ಲೇ ಕಣ್ಣಿನ ಗೆಡ್ಡೆ, ಮೂಳೆಯ ಗೆಡ್ಡೆ ಎರಡರ ಹೆಸರೂ ಇದ್ದವು. ಆರ್‌ಬಿ ಎಂಬ ಈ ಜೀನಿನ ಪ್ರೋಟೀನ್ ಕೋಶ ವಿಭಜನೆಗೆ ತಡೆ ಹಾಕುತ್ತದೆ. 2001ರಲ್ಲಿ ಗೊತ್ತಾದ ವಿಷಯ ಇನ್ನೂ ಸ್ವಾರಸ್ಯದ್ದು: ಅದೇ ಪ್ರೋಟೀನ್ ರಂಕ್ಸ್-2ರ ಜೊತೆ ಸೇರಿ ಮೂಳೆ ಕಟ್ಟುವ ಜೀನುಗಳನ್ನು ಎಬ್ಬಿಸುತ್ತದೆ. ಅಂದರೆ ನಿಲ್ಲುವುದು, ಕಟ್ಟುವುದು ಎರಡನ್ನೂ ಒಂದೇ ಅಣು ಹಿಡಿದಿದೆ. ಅದು ಹೋದರೆ ಒಂದೇ ಏಟಿಗೆ ವಿಭಜನೆಯ ತಡೆಯೂ ಹೋಗುತ್ತದೆ, ಕಸುಬಿನ ಪಳಗುವಿಕೆಯೂ ಅರ್ಧಕ್ಕೆ ನಿಲ್ಲುತ್ತದೆ.

ಎರಡನೆಯ ಹೆಸರು ಪಿ53. ಕೆಟ್ಟ ಡಿಎನ್‌ಎ ಹೊತ್ತ ಕೋಶವನ್ನು ತಡೆದು ನಿಲ್ಲಿಸುವ, ಬೇಕಾದರೆ ಸಾಯಿಸುವ ಪ್ರೋಟೀನ್ ಇದು. ಬಹುಪಾಲು ಆಸ್ಟಿಯೋಸಾರ್ಕೋಮಾಗಳಲ್ಲಿ ಇದರ ದಾರಿ ಒಂದಲ್ಲ ಒಂದು ರೀತಿ ಮುರಿದಿರುತ್ತದೆ. 2008ರಲ್ಲಿ ಬಾಸ್ಟನ್ನಿನ ಸಂಶೋಧಕರು ಇಲಿಗಳ ದೇಹದಲ್ಲಿ ಆಸ್ಟೆರಿಕ್ಸ್ ಎಚ್ಚರಗೊಂಡ ಕೋಶಗಳಿಂದ ಮಾತ್ರ, ಅಂದರೆ ಮೂಳೆಯ ದಾರಿ ಹಿಡಿದು ಇನ್ನೂ ಪಳಗದ ಕೋಶಗಳಿಂದ ಮಾತ್ರ, ಪಿ53 ತೆಗೆದರು. ಇಲಿಗಳಿಗೆ ಆಸ್ಟಿಯೋಸಾರ್ಕೋಮಾ ಬಂತು. ಆರ್‌ಬಿಯನ್ನೂ ತೆಗೆದಾಗ ಇನ್ನೂ ಬೇಗ ಬಂತು. ಕಾವಲಿಲ್ಲದ ಕೋಶದೊಳಗೆ ಮುಂದೆ ನಡೆಯುವುದು ಭೀಕರ. ಕೇಂಬ್ರಿಜ್ ಬಳಿಯ ಸ್ಯಾಂಗರ್ ಸಂಸ್ಥೆಯವರು 2011ರಲ್ಲಿ ತೋರಿಸಿದಂತೆ, ಕೆಲವು ಕ್ಯಾನ್ಸರ್‌ಗಳಲ್ಲಿ ಒಂದಿಡೀ ಕ್ರೋಮೋಸೋಮ್ ಒಂದೇ ಸಲಕ್ಕೆ ನುಚ್ಚುನೂರಾಗಿ, ಚೂರುಗಳು ಹೇಗೆಂದರೆ ಹಾಗೆ ಜೋಡಿಕೊಂಡಿರುತ್ತವೆ. ಎಲ್ಲ ಕ್ಯಾನ್ಸರ್‌ಗಳಲ್ಲಿ ಇದು ನೂರಕ್ಕೆ ಎರಡು ಮೂರರಷ್ಟು, ಮೂಳೆಯವುಗಳಲ್ಲಿ ಕಾಲುಭಾಗದಷ್ಟು. ಹಾಗಾಗಿ ಒಬ್ಬ ರೋಗಿಯ ಗೆಡ್ಡೆ ಇನ್ನೊಬ್ಬರದ್ದನ್ನು ಹೋಲುವುದಿಲ್ಲ. ಒಂದು ಗುರಿಗೆ ಹೊಡೆಯುವ ಔಷಧ ಇಲ್ಲಿ ಇನ್ನೂ ಕೈಗೂಡದಿರುವುದಕ್ಕೆ ದೊಡ್ಡ ಕಾರಣ ಇದು.

ಚಿಕಿತ್ಸೆಯ ಚರಿತ್ರೆಯಲ್ಲಿ ಒಂದು ದೊಡ್ಡ ಜಿಗಿತವಿದೆ, ಆಮೇಲೆ ದೀರ್ಘ ನಿಲುಗಡೆ. 1970ರವರೆಗೆ ಕಾಲು ಕತ್ತರಿಸುವುದೊಂದೇ ದಾರಿಯಾಗಿತ್ತು. ಕತ್ತರಿಸಿದರೂ ಐವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಕಣ್ಣಿಗೆ ಕಾಣದ ಕೋಶಗಳು ಆಗಲೇ ಶ್ವಾಸಕೋಶ ಸೇರಿರುತ್ತಿದ್ದವು. ಆಗ ಬಾಸ್ಟನ್ನಿನ ನಾರ್ಮನ್ ಜಾಫೆ ಮೆಥೊಟ್ರೆಕ್ಸೇಟ್ ಔಷಧವನ್ನು ಬಹು ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಬೆನ್ನಿಗೇ ಅದರ ವಿಷಕ್ಕೆ ಪರಿಹಾರವಾದ ಲ್ಯೂಕೊವೋರಿನ್ ಕೊಡುವ ಧೈರ್ಯ ಮಾಡಿದರು. ಮೆಥೊಟ್ರೆಕ್ಸೇಟ್ ಬಗೆಯ ಔಷಧಗಳು ಹುಟ್ಟಿದ್ದು ಆಂಧ್ರದಿಂದ ಹೋದ ಯಲ್ಲಾಪ್ರಗಡ ಸುಬ್ಬರಾವ್ ಅವರು ನಡೆಸುತ್ತಿದ್ದ ಲೆಡರ್ಲೆ ಪ್ರಯೋಗಾಲಯದಲ್ಲಿ. ಜೊತೆಗೆ ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್ ಸೇರಿದವು. ನ್ಯೂಯಾರ್ಕಿನ ಜೆರಾಲ್ಡ್ ರೋಸೆನ್ ರೋಗಿಯ ಅಳತೆಯ ಲೋಹದ ಮೂಳೆ ತಯಾರಾಗುವವರೆಗಿನ ಕಾಯುವ ವಾರಗಳಲ್ಲಿ ಕೀಮೋಥೆರಪಿ ಶುರುಮಾಡಿದರು. ಅದರಿಂದ ಎರಡು ಲಾಭಗಳಾದವು: ಕಾಲು ಉಳಿಸುವ ಶಸ್ತ್ರಚಿಕಿತ್ಸೆ ಸಾಧ್ಯವಾಯಿತು, ತೆಗೆದ ಗೆಡ್ಡೆಯಲ್ಲಿ ಎಷ್ಟು ಕೋಶಗಳು ಸತ್ತಿವೆ ಎಂದು ನೋಡಿ ಔಷಧದ ಪರಿಣಾಮ ಅಳೆಯಲೂ ಬಂತು. ಇಂದು ರೋಗ ಬೇರೆಡೆ ಹರಡುವ ಮುಂಚೆ ಸಿಕ್ಕವರಲ್ಲಿ ನೂರಕ್ಕೆ 60ರಿಂದ 70 ಮಂದಿ ಉಳಿಯುತ್ತಾರೆ. ಹರಡಿದ ಮೇಲೆ ಬಂದವರಲ್ಲಿ 20ರಿಂದ 30. ಕಳೆದ ನಲವತ್ತು ವರ್ಷಗಳಲ್ಲಿ ಈ ಅಂಕೆಗಳು ಹೆಚ್ಚು ಕದಲಿಲ್ಲ. ಹಲವು ದೇಶಗಳ 2260 ರೋಗಿಗಳು ಸೇರಿದ ಯೂರಾಮಾಸ್ ಪ್ರಯೋಗದಲ್ಲಿ, ಮೊದಲ ಔಷಧಗಳಿಗೆ ಸರಿಯಾಗಿ ಬಗ್ಗದ ಗೆಡ್ಡೆಯವರಿಗೆ ಇನ್ನೆರಡು ಔಷಧ ಸೇರಿಸಿ ನೋಡಿದರು. 2016ರಲ್ಲಿ ಬಂದ ಉತ್ತರ: ಹೆಚ್ಚಿನ ಪ್ರಯೋಜನವಿಲ್ಲ.

ಇದಕ್ಕೆ ಪರಿಹಾರ ಕೋಶದ ಕಸುಬನ್ನು ಇನ್ನಷ್ಟು ತಿಳಿಯುವುದರಲ್ಲೇ ಇದೆ ಎಂಬುದು ನನ್ನ ನಂಬಿಕೆ. ಅರ್ಧಕ್ಕೆ ನಿಂತ ಕೋಶವನ್ನು ಕೊಲ್ಲುವ ಬದಲು ಅದರ ಕಲಿಕೆ ಪೂರ್ತಿ ಮಾಡಿಸಲು ಬಂದೀತೇ ಎಂದು ಅನೇಕ ಪ್ರಯೋಗಾಲಯಗಳು ಕೇಳುತ್ತಿವೆ. ಅವರು ಬಳಸುವ ಕೋಶಗಳಲ್ಲಿ ಒಂದು ಸಂತತಿ 1964ರಲ್ಲಿ ಸ್ವೀಡನ್ನಿನ 15 ವರ್ಷದ ಹುಡುಗಿಯೊಬ್ಬಳ ಕಾಲ್ಮೂಳೆಯ ಗೆಡ್ಡೆಯಿಂದ ತೆಗೆದದ್ದು. ಜಗತ್ತಿನ ಲೆಕ್ಕವಿಲ್ಲದಷ್ಟು ಪ್ರಯೋಗಾಲಯಗಳಲ್ಲಿ ಅದು ಇಂದಿಗೂ ಬೆಳೆಯುತ್ತಿದೆ. ಆ ಹುಡುಗಿಗೆ ವಿಜ್ಞಾನ ತೀರಿಸಬೇಕಾದ ಋಣ ದೊಡ್ಡದು.

ಅಂಥ ಚಿಕಿತ್ಸೆ ಸಿಗುವವರೆಗೆ ನಮ್ಮ ಕೈಯಲ್ಲಿರುವುದು ರೋಗವನ್ನು ಬೇಗ ಗುರುತಿಸುವುದು. ಹತ್ತರಿಂದ ಇಪ್ಪತ್ತರ ವಯಸ್ಸಿನ ಮಕ್ಕಳು ಮೊಣಕಾಲಿನ ಮೇಲೋ ಕೆಳಗೋ, ಭುಜದ ಹತ್ತಿರವೋ ವಾರಗಟ್ಟಲೆ ಹೋಗದ ನೋವು ಹೇಳಿದರೆ, ಅದು ರಾತ್ರಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಅಲ್ಲೇ ಬಾವು ಕಂಡರೆ, ಆಟದಲ್ಲಿ ಬಿದ್ದದ್ದಿರಬೇಕು ಎಂದು ಬಿಡಬೇಡಿ. ಬಹುಪಾಲು ನೋವು ಕ್ಯಾನ್ಸರ್ ಅಲ್ಲ. ಆದರೂ ಒಂದು ಎಕ್ಸ್‌ರೇ ತೆಗೆಸಿ. ಅದಕ್ಕೆ ಮೊದಲು ಎಣ್ಣೆ ಹಾಕಿ ತಿಕ್ಕಿಸುವುದು, ಕಟ್ಟು ಕಟ್ಟಿಸುವುದು ಬೇಡ. ಎಕ್ಸ್‌ರೇಯಲ್ಲಿ ಸಂಶಯ ಬಂದರೆ ಬೆಂಗಳೂರಿನ ಕಿದ್ವಾಯಿಯಂಥ, ಮೂಳೆ ಕ್ಯಾನ್ಸರಿನ ಅನುಭವವಿರುವ ಆಸ್ಪತ್ರೆಗೆ ಮೊದಲೇ ಹೋಗಿ. ಬಯಾಪ್ಸಿಯನ್ನೂ ಅಲ್ಲಿಯೇ, ಮುಂದೆ ಶಸ್ತ್ರಚಿಕಿತ್ಸೆ ಮಾಡುವ ವೈದ್ಯರಿಂದಲೇ ಮಾಡಿಸಿ. ಸೂಜಿ ಹೋದ ದಾರಿಯನ್ನೂ ಅವರು ಗೆಡ್ಡೆಯ ಜೊತೆಗೆ ತೆಗೆಯಬೇಕಾಗುತ್ತದೆ. ಆ ದಾರಿ ತಪ್ಪು ಜಾಗದಲ್ಲಿದ್ದರೆ ಉಳಿಸಬಹುದಾಗಿದ್ದ ಕಾಲನ್ನು ಕತ್ತರಿಸಬೇಕಾಗಿ ಬರಬಹುದು.